ಹಿಮಾಲಯ ಚಾರಣಿಗರ ಗಮನಕ್ಕೆ: ಹಿಮಕುಸಿತದ ಅಪಾಯ ಮತ್ತು ಮುನ್ನೆಚ್ಚರಿಕೆ

ಉತ್ತರಾಖಂಡ, ಹಿಮಾಚಲ ಪ್ರದೇಶ ಹಾಗೂ ಕಾಶ್ಮೀರದ ಹಿಮಾವೃತ ಪರ್ವತಗಳಿಗೆ ಕರ್ನಾಟಕದಿಂದ ಅನೇಕ ಚಾರಣಿಗರು ತೆರಳುತ್ತಾರೆ. ಹಿಮ ಬೀಳದ ನಾಡಿನಿಂದ ಹೋಗುವವರಿಗೆ ಹಿಮದ ಸ್ವಭಾವವು ಅಪರಿಚಿತವಾಗಿರುವುದು ಸಹಜ. ಚಾರಣಕ್ಕೆ ಹೆಸರು ನೋಂದಾಯಿಸುವ ಮುನ್ನ ಅರಿತಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಹಿಮಕುಸಿತ ಎಂದರೇನು?

ಆಕಾಶದಿಂದ ಹಿಮ ಸುರಿಯುವುದು ಹಿಮಪಾತ. ಇಳಿಜಾರಿನಲ್ಲಿ ಶೇಖರಗೊಂಡ ಹಿಮವು ಒಮ್ಮೆಲೇ ಜಾರಿ ಕೆಳಗುರುಳುವುದು ಹಿಮಕುಸಿತ. ಹಿಮವು ಪದರ ಪದರವಾಗಿ ಕೂಡಿಕೊಳ್ಳುತ್ತದೆ. ಕೆಳಪದರವು ದುರ್ಬಲವಾಗಿದ್ದು ಮೇಲ್ಪದರವು ಹಲಗೆಯಂತೆ ಬಿಗಿದಿದ್ದಾಗ, ಒಬ್ಬ ವ್ಯಕ್ತಿಯ ಭಾರವೂ ಅದನ್ನು ಮುರಿಯಲು ಸಾಕಾಗುತ್ತದೆ. ವಿಹಾರಾರ್ಥಿಗಳು ಮೃತಪಟ್ಟ ಬಹುತೇಕ ಪ್ರಕರಣಗಳಲ್ಲಿ ಕುಸಿತವನ್ನು ಉಂಟುಮಾಡಿದ್ದು ಆ ತಂಡದವರ ಹೆಜ್ಜೆಯೇ ಆಗಿದೆ.

ಅಪಾಯ ಎಲ್ಲಿ, ಯಾವಾಗ ಹೆಚ್ಚು?

* 30ರಿಂದ 45 ಡಿಗ್ರಿ ಓರೆಯುಳ್ಳ ಇಳಿಜಾರುಗಳಲ್ಲಿ ಹಾಗೂ ಅವುಗಳ ಬುಡದಲ್ಲಿ. ದಾರಿಯು ಸಮತಟ್ಟಾಗಿದ್ದರೂ ಮೇಲಿನ ಇಳಿಜಾರಿನ ಹಿಮವು ಅಲ್ಲಿಗೆ ತಲುಪಬಹುದು.
* ಭಾರೀ ಹಿಮಪಾತ ಅಥವಾ ಬಿರುಗಾಳಿಯ ನಂತರದ 24ರಿಂದ 48 ಗಂಟೆಗಳಲ್ಲಿ. ಆಕಾಶ ತಿಳಿಯಾದ ಮಾತ್ರಕ್ಕೆ ಅಪಾಯ ಕಳೆಯುವುದಿಲ್ಲ.
* ಬಿಸಿಲೇರಿ ಹಿಮವು ಒದ್ದೆಯಾಗುವ ಮಧ್ಯಾಹ್ನದ ವೇಳೆಯಲ್ಲಿ.
* ಕಾಲಿಟ್ಟಾಗ 'ಧಪ್' ಎಂಬ ಶಬ್ದ ಕೇಳಿಸಿದರೆ, ಹಿಮದಲ್ಲಿ ಬಿರುಕು ಮೂಡಿದರೆ ಅಥವಾ ಸಮೀಪದಲ್ಲಿ ಹೊಸ ಕುಸಿತ ಕಂಡರೆ ಕೂಡಲೇ ಹಿಂದಿರುಗತಕ್ಕದ್ದು.

ಹೊರಗಿನ ನೆರವು ಏಕೆ ಸಾಲದು?

ಹಿಮದಡಿ ಸಂಪೂರ್ಣವಾಗಿ ಹೂತವರನ್ನು ಸುಮಾರು 10 ನಿಮಿಷಗಳೊಳಗೆ ಹೊರತೆಗೆದಲ್ಲಿ, ಹತ್ತರಲ್ಲಿ ಒಂಬತ್ತು ಮಂದಿ ಬದುಕುವ ಸಾಧ್ಯತೆಯಿದೆ. ಅರ್ಧ ಗಂಟೆ ಕಳೆದರೆ ಈ ಪ್ರಮಾಣವು ಸುಮಾರು ಮೂರಕ್ಕೆ ಇಳಿಯುತ್ತದೆ. ಉಸಿರು ಕಟ್ಟುವುದೇ ಸಾವಿನ ಮುಖ್ಯ ಕಾರಣ. ಹೆಲಿಕಾಪ್ಟರ್ ಅಥವಾ ರಕ್ಷಣಾ ಪಡೆ ದುರ್ಗಮ ಪ್ರದೇಶಕ್ಕೆ ಇಷ್ಟು ಬೇಗ ತಲುಪುವುದು ಸಾಧ್ಯವಿಲ್ಲ. ಆದುದರಿಂದ ಜೊತೆಗಿರುವ ಸಹಚಾರಣಿಗರೇ ನಿಜವಾದ ರಕ್ಷಕರು.

ಸಿಯಾಚಿನ್‌ನಲ್ಲಿ 2016ರ ಫೆಬ್ರವರಿ 3ರಂದು ಹಿಮದಡಿ ಸಿಲುಕಿದ ಧಾರವಾಡ ಜಿಲ್ಲೆಯ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರು ಆರು ದಿನಗಳ ತರುವಾಯ ಜೀವಂತವಾಗಿ ದೊರೆತದ್ದು ನಾಡಿಗೇ ತಿಳಿದ ವಿಷಯ. ಇದು ಅಪವಾದವೆಂಬುದನ್ನು ಮರೆಯಬಾರದು. ಅವರೂ ಫೆಬ್ರವರಿ 11ರಂದು ಆಸ್ಪತ್ರೆಯಲ್ಲಿ ನಿಧನ ಹೊಂದಿದರು. ಜೊತೆಯಲ್ಲಿದ್ದ ಒಂಬತ್ತು ಯೋಧರು ಉಳಿಯಲಿಲ್ಲ.

ಅನುಭವಿಗಳ ಜೊತೆಗಿರುವುದೊಂದೇ ರಕ್ಷಣೆಯಲ್ಲ. 2022ರ ಅಕ್ಟೋಬರ್ 4ರಂದು ಉತ್ತರಕಾಶಿ ಜಿಲ್ಲೆಯ ದ್ರೌಪದಿ ಕಾ ದಾಂಡಾ-2 ಶಿಖರದಲ್ಲಿ ನೆಹರು ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡವು ಹಿಮಕುಸಿತಕ್ಕೆ ಸಿಲುಕಿ, ತರುವಾಯ 27 ಶವಗಳು ದೊರೆತವು. ಮೃತರಲ್ಲಿ ತರಬೇತುದಾರರೂ ಇದ್ದರು.

ನೋಂದಣಿಗೆ ಮುನ್ನ ವಿಚಾರಿಸಬೇಕಾದುವು

1. ಮಾರ್ಗದಲ್ಲಿ ಹಿಮಕುಸಿತದ ಇಳಿಜಾರುಗಳಿವೆಯೇ? ಬದಲಿ ಮಾರ್ಗವಿದೆಯೇ?
2. ಅಂತಹ ಮಾರ್ಗವಾದಲ್ಲಿ ಪ್ರತಿಯೊಬ್ಬರಿಗೂ ಸಂಕೇತ ಸಾಧನ (ಟ್ರಾನ್ಸೀವರ್), ಶೋಧಕ ಸಲಾಕೆ ಮತ್ತು ಸಲಿಕೆ ಒದಗಿಸಲಾಗುವುದೇ? ಬಳಕೆಯ ಅಭ್ಯಾಸ ಮಾಡಿಸಲಾಗುವುದೇ? ಇವುಗಳಲ್ಲಿ ಒಂದಿಲ್ಲದಿದ್ದರೂ ಶೋಧನೆ ವಿಳಂಬವಾಗುತ್ತದೆ.
3. ಹವಾಮಾನ ಪ್ರತಿಕೂಲವಾದರೆ ಚಾರಣ ನಿಲ್ಲಿಸುವ ಅಧಿಕಾರ ಯಾರಿಗಿದೆ? ಹಣ ಮರುಪಾವತಿಯ ನಿಯಮವೇನು?
4. ಅರಣ್ಯ ಇಲಾಖೆಯ ಅನುಮತಿ ಪಡೆಯಲಾಗಿದೆಯೇ? ವಿಮೆಯು ಪರ್ವತ ಪ್ರದೇಶದ ರಕ್ಷಣಾ ವೆಚ್ಚವನ್ನು ಒಳಗೊಂಡಿದೆಯೇ?

ಡಿ.ಆರ್.ಡಿ.ಒ. ಅಧೀನದ ಡಿ.ಜಿ.ಆರ್.ಇ. ಸಂಸ್ಥೆಯು ಹಿಮಕುಸಿತದ ಮುನ್ಸೂಚನೆ ನೀಡುತ್ತದೆ. ಐದು ಹಂತಗಳ ಅಂತರರಾಷ್ಟ್ರೀಯ ಮಾಪನದಲ್ಲಿ 3ನೆಯ ಹಂತವನ್ನು 'ಸಾಧಾರಣ' ಎಂದು ಭಾವಿಸಬಾರದು. ಅದು ಗಣನೀಯ ಅಪಾಯದ ಹಂತ.

ಕುಸಿತ ಸಂಭವಿಸಿದಲ್ಲಿ

ಸಿಲುಕಿದವರು ಕೂಗಿ ಎಚ್ಚರಿಸಿ, ಪಕ್ಕಕ್ಕೆ ಸರಿಯಲು ಯತ್ನಿಸಬೇಕು. ಹಿಮ ನಿಲ್ಲುವ ಮೊದಲೇ ಕೈಗಳಿಂದ ಮುಖದ ಮುಂದೆ ಉಸಿರಾಟಕ್ಕೆ ಜಾಗ ಮಾಡಿಕೊಳ್ಳಬೇಕು. ನಿಂತ ಮೇಲೆ ಅದು ಗಟ್ಟಿಯಾಗುತ್ತದೆ. ಉಳಿದವರು ವ್ಯಕ್ತಿ ಕಡೆಯದಾಗಿ ಕಂಡ ಸ್ಥಳವನ್ನು ಗುರುತಿಸಿ, ಮತ್ತೆ ಕುಸಿಯುವ ಭಯವಿಲ್ಲವೆಂದು ಖಚಿತಪಡಿಸಿಕೊಂಡು ಕೂಡಲೇ ಶೋಧನೆ ಆರಂಭಿಸಬೇಕು. ಮೊದಲು ಬಾಯಿ, ಮೂಗುಗಳನ್ನು ತೆರವುಗೊಳಿಸಬೇಕು. ಸಂಪರ್ಕ ದೊರೆತಲ್ಲಿ 112ಕ್ಕೆ ಕರೆ ಮಾಡಬೇಕು. ಆದರೆ ಕರೆಗಾಗಿ ಎಲ್ಲರೂ ಶೋಧನೆ ಬಿಟ್ಟು ತೆರಳಬಾರದು.

ರಜೆ ಮತ್ತು ಹಣ ವ್ಯರ್ಥವಾಗುವುದೆಂಬ ಕಾರಣಕ್ಕೆ ಮುನ್ನಡೆಯದೆ, ಸಂದೇಹವಿದ್ದಲ್ಲಿ ಹಿಂದಿರುಗಲು ಚಾರಣಿಗರಲ್ಲಿ ಕೋರಲಾಗಿದೆ.