ವಾಕಿಟಾಕಿ ಕೈಯಲ್ಲಿದ್ದರೆ ಸಾಲದು, ಸೆಟ್ಟಿಂಗ್ ಸೇವ್ ಆಗಿರಬೇಕು

ಉರೂಸ್, ಸಮ್ಮೇಳನ, ದೊಡ್ಡ ಮದುವೆ ಅಂದ ಮೇಲೆ ಗೇಟಿನಲ್ಲೊಬ್ಬ, ಪಾರ್ಕಿಂಗ್‌ನಲ್ಲೊಬ್ಬ, ಊಟದ ಚಪ್ಪರದಲ್ಲೊಬ್ಬ ಸ್ವಯಂಸೇವಕ ವಾಕಿಟಾಕಿ ಹಿಡಿದು ನಿಲ್ಲುವುದುಂಟು. ಜನ ತುಂಬಿದಾಗ ಮೊಬೈಲ್ ನೆಟ್‌ವರ್ಕ್ ಕೈಕೊಟ್ಟರೆ ಇದೇ ಆಸರೆ. ಆದರೆ ಯಾರೋ ತಿಳಿಯದೆ ಒಂದು ಬಟನ್ ಒತ್ತಿದರೆ ಸಾಕು, ಸೆಟ್ ಬೇರೆ ಚಾನೆಲ್‌ಗೆ ಹೋಗಿರುತ್ತದೆ. ಆಂಬ್ಯುಲೆನ್ಸ್‌ಗೆ ದಾರಿ ಬಿಡಿಸಿ ಎಂದು ಗೇಟಿನವರು ಎಷ್ಟು ಕೂಗಿದರೂ ಪಾರ್ಕಿಂಗ್‌ನವರಿಗೆ ಕೇಳಿಸುವುದಿಲ್ಲ.

ಏನೇನು ಹೊಂದಬೇಕು?

ಎರಡು ಸೆಟ್ ಮಾತನಾಡಬೇಕಾದರೆ ಫ್ರೀಕ್ವೆನ್ಸಿ ಒಂದೇ ಇರಬೇಕು. ಟೋನ್ ಹಾಕಿದ್ದರೆ ಅದೂ ಒಂದೇ ಇರಬೇಕು. ತನಗೆ ಹಾಕಿದ ಟೋನ್ ಬಾರದಿದ್ದರೆ ಸೆಟ್ ಸ್ಪೀಕರ್ ತೆರೆಯುವುದೇ ಇಲ್ಲ. ಹಾಗಂತ ಟೋನ್ ಗುಟ್ಟಿನ ಬೀಗವಲ್ಲ. ಟೋನ್ ಹಾಕದ ಸೆಟ್ ಇಟ್ಟುಕೊಂಡವರು ನಿಮ್ಮ ಮಾತನ್ನು ಆರಾಮವಾಗಿ ಕೇಳಬಹುದು.

ಸೇವ್ ಮಾಡುವುದು ಹೇಗೆ?

ಹ್ಯಾಮ್‌ಗಳಲ್ಲಿ ಬಳಕೆಯಲ್ಲಿರುವ ಬಾವೊಫೆಂಗ್ ಯುವಿ-5ಆರ್ ನೋಡಿ. ಇದರಲ್ಲಿ 000ದಿಂದ 127ರವರೆಗೆ 128 ಮೆಮೊರಿ ಚಾನೆಲ್ ಇವೆ. ವಿಎಫ್‌ಒ/ಎಂಆರ್ ಬಟನ್ ಒತ್ತಿ ಫ್ರೀಕ್ವೆನ್ಸಿ ಮೋಡ್‌ಗೆ ಬಂದು, ಸ್ಕ್ರೀನಿನ ಮೇಲಿನ ಸಾಲಿನಲ್ಲಿ ಫ್ರೀಕ್ವೆನ್ಸಿ ಹಾಕಿ. ಕೇಳುವ ಟೋನ್ ಮೆನು 11ರಲ್ಲಿ, ಕಳಿಸುವ ಟೋನ್ ಮೆನು 13ರಲ್ಲಿ. ಆಮೇಲೆ ಮೆನು 27ಕ್ಕೆ ಹೋಗಿ ಖಾಲಿ ಚಾನೆಲ್ ನಂಬರ್ ಆರಿಸಿ ಮೆನು ಒತ್ತಿದರೆ ಸೇವ್ ಆಯಿತು. ಆ ನಂಬರ್‌ನಲ್ಲಿ ಮೊದಲೇ ಏನಾದರೂ ಇದ್ದರೆ ಮೆನು 28ರಲ್ಲಿ ಅಳಿಸಿಕೊಳ್ಳಬೇಕು.

ವಾಪಸ್ ಕರೆಯುವುದು ಸುಲಭ. ವಿಎಫ್‌ಒ/ಎಂಆರ್ ಒತ್ತಿ ಚಾನೆಲ್ ಮೋಡ್‌ಗೆ ಬಂದು 001 ಅಂತ ಮೂರಂಕಿ ಒತ್ತಿದರೆ ಫ್ರೀಕ್ವೆನ್ಸಿ, ಟೋನ್ ಎಲ್ಲ ಒಟ್ಟಿಗೇ ಬರುತ್ತದೆ. ಹ್ಯಾಶ್ ಕೀಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಕೀಪ್ಯಾಡ್ ಲಾಕ್.

ಅಳಿಸಿ ಹೋದರೆ?

ಮೆನು 40ರಲ್ಲಿ 'ಆಲ್' ರಿಸೆಟ್ ಕೊಟ್ಟರೆ ಸೇವ್ ಮಾಡಿದ ಚಾನೆಲ್‌ಗಳೆಲ್ಲ ಹೋಗುತ್ತವೆ. ಅದಕ್ಕೇ ಪ್ರೋಗ್ರಾಮಿಂಗ್ ಕೇಬಲ್ ಹಾಕಿ, ಉಚಿತವಾಗಿ ಸಿಗುವ 'ಚರ್ಪ್' ಸಾಫ್ಟ್‌ವೇರ್‌ನಿಂದ ಕಂಪ್ಯೂಟರಿನಲ್ಲಿ ಒಂದು ಕಾಪಿ ಇಡಬೇಕು. ಅದೇ ಫೈಲ್ ಅದೇ ಮಾಡೆಲ್‌ನ ಇತರ ಸೆಟ್‌ಗಳಿಗೂ ಆಗುತ್ತದೆ. ಸಾದಾ ಸೆಟ್ ಆದರೆ ಚಾನೆಲ್ ನಂಬರ್, ಟೋನ್ ನಂಬರ್ ಬರೆದ ಚೀಟಿಯನ್ನು ಹಿಂಬದಿಗೆ ಅಂಟಿಸಿದರೂ ಸಾಕು.

ಲೈಸೆನ್ಸ್ ಮರೆಯಬೇಡಿ

2018ರ ಕೇಂದ್ರ ನಿಯಮದಂತೆ 446.0ರಿಂದ 446.2 ಮೆಗಾಹರ್ಟ್ಜ್‌ನ ಕಡಿಮೆ ಶಕ್ತಿಯ ಸೆಟ್‌ಗೆ ಲೈಸೆನ್ಸ್ ಬೇಡ. ಆದರೆ ಆ ಮಾಡೆಲ್‌ಗೆ ಇಟಿಎ ಅನುಮೋದನೆ ಇರಬೇಕು. ಕಾರ್ಯಕ್ರಮಕ್ಕೆ ಕೊಳ್ಳುವವರು ಇದನ್ನೇ ಕೇಳಿ ಕೊಳ್ಳಲಿ. ಯುವಿ-5ಆರ್‌ನಂಥದ್ದು ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಲೈಸೆನ್ಸ್ ಇಲ್ಲದೆ ಬಳಸಿದರೆ ಕಾನೂನು ತೊಡಕು ಖಚಿತ. ಆಸಕ್ತಿ ಇರುವ ಯುವಕ ಯುವತಿಯರು ಹ್ಯಾಮ್ ಪರೀಕ್ಷೆ ಬರೆಯಬಹುದು. 12 ವರ್ಷ ತುಂಬಿದ್ದರೆ ಸಾಕು.

ಕಾರ್ಯಕ್ರಮದ ಹಿಂದಿನ ದಿನ ಎಲ್ಲ ಸೆಟ್ ಒಂದೆಡೆ ಇಟ್ಟು, ಚಾನೆಲ್ ಕರೆದು, ಒಬ್ಬೊಬ್ಬರಾಗಿ ಮಾತನಾಡಿ ನೋಡಿ. ಹತ್ತು ನಿಮಿಷದ ಕೆಲಸ. ಜನ ಸೇರಿದ ಮೇಲೆ ಮೆನು ಹುಡುಕುತ್ತಾ ಕೂರಲು ಯಾರಿಗೂ ಪುರುಸೊತ್ತಿರುವುದಿಲ್ಲ.