ಕೈಹಿಡಿದು ನಡೆಸಿದ ನಂಬಿಗೆ

ಬಾಳಿನಲ್ಲಿ ಮನುಷ್ಯನು ಆರಿಸಿಕೊಳ್ಳಬೇಕಾದ ಸಂಗತಿಗಳು ಅನೇಕ. ಓದು ಯಾವುದು, ಉದ್ಯೋಗ ಯಾವುದು, ಬಾಳಸಂಗಾತಿ ಯಾರು, ಕಷ್ಟ ಬಂದಾಗ ಮೊರೆಹೋಗುವ ದೈವ ಯಾವುದು ಎಂಬ ಪ್ರಶ್ನೆಗಳು ಎಲ್ಲರ ಮನೆಯಲ್ಲಿಯೂ ಒಂದಲ್ಲ ಒಂದು ದಿನ ತಲೆಯೆತ್ತುತ್ತವೆ. ಆಗ ಹಿರಿಯರು ಒಂದು ಮಾತು ಹೇಳುವುದುಂಟು: “ನಿನ್ನ ಮೇಲೆ ನಿನಗೆ ನಂಬಿಗೆಯಿರಲಿ.” ಮಾತು ಒಳ್ಳೆಯದೆ. ಆದರೆ ಆ ನಂಬಿಗೆ ಬರುವುದೆಲ್ಲಿಂದ? ಹುಟ್ಟುವಾಗಲೇ ಅದನ್ನು ಮಡಿಲಲ್ಲಿ ಕಟ್ಟಿಕೊಂಡು ಬಂದವರು ವಿರಳ. ಬಹುಮಂದಿಗೆ ಅದನ್ನು ಮತ್ತೊಬ್ಬರು ಕೊಟ್ಟಿರುತ್ತಾರೆ.

ಈ ಮಾತಿಗೆ ಸಾಕ್ಷಿಯನ್ನು ದೂರ ಹುಡುಕಬೇಕಾಗಿಲ್ಲ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂಬ ನಾಲ್ಕು ಸೀಮೆಗಳು ಹಿಂದೆ ಧಾರವಾಡ ಜಿಲ್ಲೆಯಲ್ಲಿದ್ದು, 1997ರಲ್ಲಿ ಹಾವೇರಿ ಜಿಲ್ಲೆ ಹುಟ್ಟಿದಾಗ ಅದಕ್ಕೆ ಸೇರಿದವು. ಮಲೆನಾಡಿನ ಸೆರಗು ಬಯಲುಸೀಮೆಯನ್ನು ಮುಟ್ಟುವ ನೆಲವಿದು. ಭತ್ತಕ್ಕೆ ಹಾನಗಲ್ಲ, ವೀಳ್ಯದೆಲೆಗೆ ಸವಣೂರು ಹೆಸರಾದಂತೆ, ಬಾಳಿನ ದಾರಿಯನ್ನು ಧೈರ್ಯದಿಂದ ಆರಿಸಿಕೊಂಡ ಮಹನೀಯರಿಗೂ ಈ ಸೀಮೆ ಹೆಸರಾಗಿದೆ. ಅವರ ಬಾಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಿದರೆ, ಪ್ರತಿಯೊಬ್ಬರ ಹಿಂದೆಯೂ ಇನ್ನೊಂದು ಕೈ ಕಾಣಿಸುತ್ತದೆ.

ಕಳಸದ ಗುರು, ಶಿಶುನಾಳದ ಶಿಷ್ಯ

ಶಿಗ್ಗಾವಿ ತಾಲೂಕಿನ ಶಿಶುನಾಳದಲ್ಲಿ 1819ರಲ್ಲಿ ಇಮಾಮ ಸಾಹೇಬ ಮತ್ತು ಹಜ್ಜೂಮಾ ದಂಪತಿಗಳಿಗೆ ಗಂಡು ಮಗುವೊಂದು ಹುಟ್ಟಿತು. ಹುಲಗೂರಿನ ಖಾದರಷಾ ವಲಿಯ ಕೃಪೆಯಿಂದ ಹುಟ್ಟಿದ ಮಗನೆಂದು ಅವರು ನಂಬಿದರು. ಆತನೇ ಷರೀಫ. ಓದು ಕಲಿತು ಕೆಲಕಾಲ ಶಾಲೆಯಲ್ಲಿ ಮಾಸ್ತರಿಕೆ ಮಾಡಿದವನು. ಮದುವೆಯಾಗಿ ಸಂಸಾರ ಹೂಡಿದವನು. ಆದರೆ ಒಳಗಿನ ಹಸಿವು ಅಷ್ಟಕ್ಕೆ ತಣಿಯಲಿಲ್ಲ. ಆ ಹಸಿವು ಅವನನ್ನು ಕಳಸದ ಗೋವಿಂದಭಟ್ಟರ ಬಳಿಗೆ ಕರೆದೊಯ್ದಿತು.

ನಿನ್ನ ತಂದೆ ಯಾರೆಂದು ಭಟ್ಟರು ಕೇಳಿದರಂತೆ. ನಿಮ್ಮ ತಂದೆ ಯಾರೋ ನನ್ನ ತಂದೆಯೂ ಅವನೇ ಎಂದು ಹುಡುಗ ಉತ್ತರ ಕೊಟ್ಟನಂತೆ. ಉದ್ಧಟತನವೆಂದು ಗದರಿಸಿ ಕಳಿಸಬಹುದಾಗಿದ್ದ ಆ ಮಾತಿನಲ್ಲಿ ಭಟ್ಟರು ಬೆಳಕನ್ನು ಕಂಡರು. ಬ್ರಾಹ್ಮಣ ಗುರು ಮುಸಲ್ಮಾನ ಶಿಷ್ಯನನ್ನು ಮನೆಗೆ ಕರೆದು ಮಡಿಲಿಗೆ ಹಾಕಿಕೊಂಡಾಗ, ಇಬ್ಬರ ಸಮಾಜದವರೂ ಮುನಿದರೆಂದು ಜನ ಇಂದಿಗೂ ಹೇಳುತ್ತಾರೆ. ನಿಂದೆ ಶಿಷ್ಯನೊಬ್ಬನ ಪಾಲಿಗೆ ಬರಲಿಲ್ಲ, ಗುರುವಿನ ಪಾಲಿಗೂ ಬಂದಿತು. ಅವರು ಅದನ್ನು ಹೊತ್ತರು. ಬೇರೊಬ್ಬನನ್ನು ನಂಬುವುದಕ್ಕೂ ಬೆಲೆ ತೆರಬೇಕಾಗುತ್ತದೆ.

ಗೋವಿಂದಭಟ್ಟರು ಶಿಷ್ಯನ ಹೆಸರನ್ನು ಕಿತ್ತುಕೊಳ್ಳಲಿಲ್ಲ. ಷರೀಫನು ಷರೀಫನಾಗಿಯೇ ಉಳಿದನು. ಮಡದಿ ತೀರಿಕೊಂಡು ಸಂಸಾರದ ಆಸರೆ ಕಳಚಿದ ಮೇಲೂ ಹಾಡು ನಿಲ್ಲಲಿಲ್ಲ. ಹೊಲ, ಬೀಸುಕಲ್ಲು, ಕುಂಬಾರನ ಮನೆ, ಸೋರುವ ಮಾಳಿಗೆ, ಇವೇ ಅವನ ತತ್ತ್ವಪದಗಳಿಗೆ ವಸ್ತುವಾದವು. 1889ರಲ್ಲಿ ಆತನು ದೇಹವಿಟ್ಟಾಗ ಎರಡೂ ಸಮಾಜದವರು ಕೂಡಿ, ತಮ್ಮ ತಮ್ಮ ವಿಧಿಗಳಂತೆ ಅಂತ್ಯಕ್ರಿಯೆ ನಡೆಸಿದರೆಂದು ಪ್ರತೀತಿ. ಬದುಕಿದ್ದಾಗ ದೂರವಿಟ್ಟವರೇ ಕೊನೆಗೆ ತಮ್ಮವನೆಂದು ಹೆಗಲು ಕೊಟ್ಟರು.

ಇದೇ ತಾಲೂಕಿನ ಬಾಡ ಗ್ರಾಮ ಕನಕದಾಸರ ಜನ್ಮಭೂಮಿ. ಕತ್ತಿ ಹಿಡಿದ ಕೈ ತಂಬೂರಿ ಹಿಡಿದ ಕಥೆ ಎಲ್ಲರಿಗೂ ಪರಿಚಿತ. ಕುಲವನ್ನೆತ್ತಿ ಆಡಿದವರ ನಡುವೆ ವ್ಯಾಸರಾಯರು ಕನಕರ ಭಕ್ತಿಯನ್ನು ಗುರುತಿಸಿ ಮನ್ನಿಸಿದರೆಂಬ ಸಂಗತಿಯೂ ಅಷ್ಟೇ ಮುಖ್ಯವಾದುದು.

ಪಂತದ ನಂಬಿಗೆ, ಪ್ರೀತಿಯ ನಂಬಿಗೆ

ನಂಬಿಗೆಯೆಲ್ಲವೂ ಹೀಗೆ ಕೈಚಾಚುವುದಿಲ್ಲ. ಅದು ಸೆಣಸಾಟಕ್ಕೂ ಇಳಿಯುತ್ತದೆ. ಹಿರೇಕೆರೂರು ತಾಲೂಕಿನ ಅಬ್ಬಲೂರು ಅದಕ್ಕೆ ಸಾಕ್ಷಿ. ಏಕಾಂತದ ರಾಮಯ್ಯನು ಜೈನರೊಡನೆ ಪಂತ ಕಟ್ಟಿ, ತನ್ನ ಶಿರಸ್ಸನ್ನೇ ಒಡ್ಡಿ, ಶಿವನ ಹಿರಿಮೆಯನ್ನು ಮೆರೆಸಿದನೆಂದು ಅಲ್ಲಿಯ ಸೋಮೇಶ್ವರ ಗುಡಿಯ ಶಾಸನ ಸಾರುತ್ತದೆ. ಕಲ್ಲಿನಲ್ಲಿ ಉಳಿದದ್ದು ಗೆದ್ದವನ ಹೆಮ್ಮೆ. ಸೋತವರ ನೋವನ್ನು ಬರೆದಿಟ್ಟ ಕಲ್ಲು ಅಲ್ಲಿಲ್ಲ.

ವಿಚಿತ್ರವೆಂದರೆ, ಸರ್ವಜ್ಞನ ಜನನದ ಕಥೆಯೂ ಅದೇ ಅಬ್ಬಲೂರಿನೊಡನೆ ಹೆಣೆದುಕೊಂಡಿದೆ. ಮಾಸೂರಿನ ಬಸವರಸ ತಂದೆ, ಕುಂಬಾರರ ಮನೆಯ ಮಾಳಿ ತಾಯಿ ಎಂದು ಐತಿಹ್ಯ. ಮನೆಯಿಲ್ಲದೆ, ಮಡದಿಯಿಲ್ಲದೆ, ಊರಿಂದೂರಿಗೆ ಭಿಕ್ಷೆ ಬೇಡುತ್ತ ನಡೆದ ಆತನು ದಾರಿಯನ್ನೇ ಮನೆಯಾಗಿ ಆರಿಸಿಕೊಂಡವನು. ಕೈಹಿಡಿದವರು ಯಾರೂ ಇಲ್ಲದ ಈ ಒಂಟಿ ಕವಿಗೆ ಶತಮಾನಗಳು ಕಳೆದ ಮೇಲೆ ಒಬ್ಬ ನೆಂಟ ದೊರೆತನು. ಆತನೂ ಅನಿರೀಕ್ಷಿತ ನೆಲೆಯಿಂದ ಬಂದವನು. ಕ್ರೈಸ್ತ ಪಾದ್ರಿಗಳಾದ ಉತ್ತಂಗಿ ಚನ್ನಪ್ಪನವರು ಹಳ್ಳಿಯ ನಾಲಗೆಯ ಮೇಲೂ ಹಳೆಯ ಕೈಬರಹಗಳಲ್ಲಿಯೂ ಚದುರಿಹೋಗಿದ್ದ ತ್ರಿಪದಿಗಳನ್ನು ಕಲೆಹಾಕಿ, ಶೋಧಿಸಿ, 1924ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದರು. 1949ರ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಕ್ರಿಸ್ತನಲ್ಲಿಟ್ಟ ಶ್ರದ್ಧೆ ಸರ್ವಜ್ಞನನ್ನು ಪ್ರೀತಿಸಲು ಅವರಿಗೆ ಅಡ್ಡಬರಲಿಲ್ಲ. ತನ್ನ ದೈವದಲ್ಲಿ ಗಟ್ಟಿಯಾಗಿ ನಿಂತವನಿಗೆ ನೆರೆಯವನ ದೈವದ ಭಯವೇಕೆ?

ಸವಣೂರಿನಲ್ಲಿಯೂ ಈ ಮಾತು ಕಾಣಸಿಗುತ್ತದೆ. ನವಾಬರು ಆಳಿದ ಆ ಪಟ್ಟಣದಲ್ಲಿ ಉತ್ತರಾದಿ ಮಠದ ಸತ್ಯಬೋಧತೀರ್ಥರ ಬೃಂದಾವನವಿದೆ. 1783ರಲ್ಲಿ ಅವರು ಅಲ್ಲಿಯೇ ಬೃಂದಾವನಸ್ಥರಾದರು. ಮುಸಲ್ಮಾನ ದೊರೆಯ ಆಳಿಕೆಯಲ್ಲಿ ಮಾಧ್ವ ಯತಿಗೆ ನೆಲೆ ದೊರೆತದ್ದು ಆ ನೆಲದ ಗುಣವನ್ನು ತೋರಿಸುತ್ತದೆ.

ಕುರುಡು ಕಣ್ಣಿಗೆ ಸ್ವರದ ದಾರಿ

ಈ ನಾಲ್ಕು ಸೀಮೆಗಳ ಕಥೆಗಳಲ್ಲಿ ಹೃದಯವನ್ನು ಹೆಚ್ಚು ಕಲಕುವುದು ಹಾನಗಲ್ಲಿನದು. 1892ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಗದಿಗೆಯ್ಯ ಎಂಬ ಬಾಲಕ ಹುಟ್ಟಿದನು. ಅವನಿಗೂ ಕಣ್ಣಿಲ್ಲ, ಅಣ್ಣ ಗುರುಬಸಯ್ಯನಿಗೂ ಕಣ್ಣಿಲ್ಲ. ಬಡವರ ಮನೆಯಲ್ಲಿ ಇಬ್ಬರು ಕುರುಡು ಮಕ್ಕಳೆಂದರೆ ಅಂದಿನ ಲೋಕ ಏನೆಂದಿತೆಂಬುದನ್ನು ಊಹಿಸಬಹುದು. ಪೂರ್ವಕರ್ಮವೆಂದು ನಿಟ್ಟುಸಿರುಬಿಟ್ಟು ಮುಂದೆ ಹೋಗುವವರೇ ಹೆಚ್ಚು.

ಹಾನಗಲ್ಲ ವಿರಕ್ತಮಠದ ಕುಮಾರಸ್ವಾಮಿಗಳು ಹಾಗೆ ಮುಂದೆ ಹೋಗಲಿಲ್ಲ. 1904ರಲ್ಲಿ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಬಾದಾಮಿಯ ಬಳಿ ಶಿವಯೋಗ ಮಂದಿರವನ್ನೂ ಕಟ್ಟಿದ ಕಾರ್ಯಶೀಲರು ಅವರು. ಅಷ್ಟು ಕೆಲಸಗಳ ನಡುವೆಯೂ ಅವರ ಕಿವಿ ಈ ಮಕ್ಕಳ ಹಾಡಿಗೆ ತೆರೆದಿತ್ತು. ಹೆತ್ತವರ ಒಪ್ಪಿಗೆ ಪಡೆದು ಅವರನ್ನು ಕರೆತಂದರು. ಸಂಗೀತ ಕಲಿಸುವ ಏರ್ಪಾಡು ಮಾಡಿದರು. ಅಣ್ಣ ಬೇಗನೆ ತೀರಿಕೊಂಡನು. ತಮ್ಮನು ಕರ್ನಾಟಕ, ಹಿಂದೂಸ್ಥಾನಿ ಎರಡೂ ಪದ್ಧತಿಗಳನ್ನು ಸಾಧಿಸಿ, ನಾಡೆಲ್ಲ ಕೈಮುಗಿಯುವ ಪಂಚಾಕ್ಷರ ಗವಾಯಿಗಳಾದನು.

ಕೀರ್ತಿ ಬಂದ ಮೇಲೆ ಗವಾಯಿಗಳ ಮುಂದೆಯೂ ಒಂದು ಆಯ್ಕೆಯಿತ್ತು. ಆಸ್ಥಾನ, ಬಿರುದು, ಸುಖದ ಬಾಳು ಬಯಸಬಹುದಿತ್ತು. ಅವರು ಬ್ರಹ್ಮಚಾರಿಯಾಗಿ ಉಳಿದು, ತಮ್ಮಂತೆಯೇ ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳನ್ನು ಕೂಡಿಸಿಕೊಂಡು ಊರೂರು ಸುತ್ತಿದರು. ಅನ್ನಕ್ಕೆ ಸಾಲದಾದಾಗ ನಾಟಕ ಕಂಪನಿ ನಡೆಸಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮ ಆ ತಪಸ್ಸಿನ ಫಲ. ಬಸವರಾಜ ರಾಜಗುರುಗಳಂಥ ಹಾಡುಗಾರರು ಅವರ ಗರಡಿಯಲ್ಲಿ ಬೆಳೆದವರು.

ಹಾನಗಲ್ಲ ತಾಲೂಕಿನದೇ ಮತ್ತೊಂದು ಮಗು ಆ ನೆರಳಿಗೆ ಬಂದಿತು. ದೇವರ ಹೊಸಪೇಟೆಯಲ್ಲಿ 1914ರಲ್ಲಿ ಹುಟ್ಟಿ, ಹಸುಗೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡ ಪುಟ್ಟಯ್ಯನ ಬೆರಳು ಹಾರ್ಮೋನಿಯಂ ಮೇಲೆ ಆಡುವುದನ್ನು ಕೇಳಿ, ಸೋದರಮಾವ ಅವನನ್ನು ಗವಾಯಿಗಳಿಗೆ ಒಪ್ಪಿಸಿದನು. 1944ರಲ್ಲಿ ಗುರು ಲಿಂಗೈಕ್ಯರಾದಾಗ ಆಶ್ರಮದ ಭಾರವೆಲ್ಲ ಆ ಶಿಷ್ಯನ ಹೆಗಲೇರಿತು. ಪುಟ್ಟರಾಜ ಗವಾಯಿಗಳು ಆ ಭಾರವನ್ನು 2010ರಲ್ಲಿ ತಾವು ಕಣ್ಮರೆಯಾಗುವವರೆಗೆ, ಅರುವತ್ತಾರು ವರುಷ, ಇಳಿಸಲಿಲ್ಲ. ಅದೇ ವರುಷ ಅವರಿಗೆ ಪದ್ಮಭೂಷಣ ಸಂದಿತು. ಸಾವಿರಾರು ಮಕ್ಕಳು ಅವರನ್ನು ಕರೆದದ್ದು ಮಾತ್ರ ‘ಅಜ್ಜಾ’ ಎಂದೇ.

ಮೊದಲು ಕೊಡುವುದು

ಕುಮಾರಸ್ವಾಮಿಗಳು ಗದಿಗೆಯ್ಯನನ್ನು ಕರೆತಂದಾಗ ಅವನು ಗವಾಯಿಯಾಗಿರಲಿಲ್ಲ. ಗೋವಿಂದಭಟ್ಟರು ಒಲಿದಾಗ ಷರೀಫನು ಸಂತನಾಗಿರಲಿಲ್ಲ. ಯೋಗ್ಯತೆಯನ್ನು ತೂಗಿ ನೋಡಿ ನಂಬುವುದು ವ್ಯಾಪಾರ. ನಂಬಿ ಯೋಗ್ಯತೆಯನ್ನು ಬೆಳೆಸುವುದು ಪ್ರೀತಿ. ಹಾಗೆ ಬೆಳೆದವರು ತಾವು ಪಡೆದುದನ್ನು ಗಂಟುಕಟ್ಟಿ ಇಟ್ಟುಕೊಳ್ಳಲಿಲ್ಲ, ಮುಂದಿನವರ ಕೈಗೆ ದಾಟಿಸಿದರು.

ಎಲ್ಲರೂ ಸನ್ಯಾಸಿಗಳಾಗಬೇಕಿಲ್ಲ, ಹಾಡುಗಾರರಾಗಬೇಕಿಲ್ಲ. ಮಗನೊಬ್ಬ ಮನೆಯವರು ಬಯಸದ ವಿದ್ಯೆಯನ್ನು ಬಯಸಿದಾಗ, ಮಗಳೊಬ್ಬಳು ತಾನೊಲಿದವನ ಹೆಸರನ್ನು ಅಂಜುತ್ತಂಜುತ್ತ ಹೇಳಿದಾಗ, ನಾಲ್ಕು ಜನ ಏನೆಂದಾರು ಎಂಬ ಚಿಂತೆ ಹಿರಿಯರ ಬಾಯಿಗೆ ಮೊದಲು ಬರುತ್ತದೆ. ಆ ನಾಲ್ಕು ಜನ ಕಳಸದಲ್ಲಿಯೂ ಇದ್ದರು, ಶಿಶುನಾಳದಲ್ಲಿಯೂ ಇದ್ದರು. ಅವರ ಹೆಸರು ಇಂದು ಯಾರಿಗೂ ನೆನಪಿಲ್ಲ. ಗೋವಿಂದಭಟ್ಟರ ಹೆಸರು ಮಾತ್ರ ಶಿಷ್ಯನ ಹೆಸರಿನ ಜೊತೆಗೆ ನಾಡಿನ ನಾಲಗೆಯ ಮೇಲೆ ಉಳಿದಿದೆ.