ಅಡುಗೆಯಿಲ್ಲದ ಚೀಟಿ

ಬೆಂಗಳೂರಿನಿಂದ ಹೈದರಾಬಾದಿನ ಹೆದ್ದಾರಿ ಹಿಡಿದು, ಚಿಕ್ಕಬಳ್ಳಾಪುರ ದಾಟಿ ಬಾಗೇಪಲ್ಲಿಯ ಕಡೆಗೆ ಹೊರಟವರಿಗೆ ನಡುವೆ ಪೆರೇಸಂದ್ರ ಸಿಕ್ಕುತ್ತದೆ. ಆ ಸೀಮೆಯಲ್ಲಿ ಊಟವಾದ ಮೇಲೆ ಎಲೆಯಡಿಕೆ ಬೇಕೆನ್ನುವ ಹಿರಿಯರು ಈಗಲೂ ಉಂಟು. ಕೆಲವರಿಗೆ ಅದರ ಜೊತೆಗೊಂದು ಚಿಟಿಕೆ ಹೊಗೆಸೊಪ್ಪೂ ಬೇಕು. ಬೇಡವೆಂದರೆ, “ನಲವತ್ತು ವರ್ಷದಿಂದ ಹಾಕ್ತಿದ್ದೀನಿ ಕಣಪ್ಪ, ನನಗೇನಾಯ್ತು?” ಎಂದು ಅಜ್ಜಿ ನಗುತ್ತಾರೆ.

ಆ ನಲವತ್ತು ವರ್ಷವೇ ನಮ್ಮನ್ನು ಹೆದರಿಸಬೇಕಾದದ್ದು. ಬೆಂಗಳೂರಿನ ಕ್ಯಾನ್ಸರ್ ನೋಂದಣಿಯ ಆಧಾರದಿಂದ ನಡೆದು 1990ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬಾಯಿಯ ಕ್ಯಾನ್ಸರ್ ತಗುಲಿದ 348 ಮಂದಿಯನ್ನು ಅದೇ ವಯಸ್ಸಿನ, ಅದೇ ವಾಸಸ್ಥಳದ ಇತರರೊಡನೆ ಹೋಲಿಸಿದರು. ಹೊಗೆಸೊಪ್ಪು ಬೆರೆಸಿ ಎಲೆಯಡಿಕೆ ಹಾಕುವ ಹೆಂಗಸರಿಗೆ ಅಪಾಯ ಸುಮಾರು 25 ಪಟ್ಟು ಹೆಚ್ಚಾಗಿತ್ತು. ವರ್ಷ ಉರುಳಿದಂತೆ ಅದು ಏರುತ್ತಲೂ ಇತ್ತು. ಹೊಗೆಸೊಪ್ಪು ಬಿಟ್ಟು ಅಡಿಕೆ ಮಾತ್ರ ಅಗಿದರೂ ನಿರಪಾಯವಲ್ಲ.

ಕಾರಣವೇನೋ ತಿಳಿಯಿತು. ಆದರೆ ಕೆನ್ನೆಯೊಳಗಿನ ಜೀವಕೋಶ ಹದ್ದು ಮೀರುವುದು ಹೇಗೆ?

ದೊಡ್ಡದೊಂದು ಮದುವೆಮನೆಯನ್ನು ನೆನೆದುಕೊಳ್ಳಿ. ಅಡುಗೆಯ ವಿಧಾನವೆಲ್ಲ ಬರೆದಿರುವ ಪುಸ್ತಕ ಉಗ್ರಾಣ ಬಿಟ್ಟು ಹೊರಗೆ ಬರುವುದಿಲ್ಲ. ಬೇಕಾದದ್ದನ್ನು ಚೀಟಿಯಲ್ಲಿ ನಕಲು ಮಾಡಿ ಅಡುಗೆಯವರಿಗೆ ಕಳಿಸುತ್ತಾರೆ. ಪುಸ್ತಕವೆಂದರೆ ಡಿಎನ್‌ಎ, ಚೀಟಿಯೆಂದರೆ ಆರ್‌ಎನ್‌ಎ, ಬೆಂದು ಬಂದದ್ದು ಪ್ರೋಟೀನು. ಆದರೆ ಯಾವ ಅಡುಗೆಯನ್ನೂ ಹೇಳದ ಚೀಟಿಗಳೂ ಉಗ್ರಾಣದಿಂದ ಹೊರಡುತ್ತವೆ. ಬಹುಕಾಲ ಇವುಗಳ ಕಡೆಗೆ ಹೆಚ್ಚು ಮಂದಿ ಗಮನ ಕೊಡಲಿಲ್ಲ. 1993ರಲ್ಲಿ ಅಮೆರಿಕದ ವಿಕ್ಟರ್ ಆಂಬ್ರೋಸ್, ಗ್ಯಾರಿ ರವ್ಕುನ್ ಎಂಬಿಬ್ಬರು, ಮಿಲಿಮೀಟರು ಉದ್ದದ ಒಂದು ಹುಳುವಿನಲ್ಲಿ ಇಂಥದೊಂದರ ಕೆಲಸವನ್ನು ಕಂಡರು. ಇಪ್ಪತ್ತೆರಡು ಅಕ್ಷರದಷ್ಟು ಪುಟ್ಟ ಚೀಟಿ. ಅದು ಹೋಗಿ ಇನ್ನೊಂದು ಚೀಟಿಗೆ ಅಂಟಿಕೊಂಡರೆ ಆ ಅಡುಗೆ ನಿಂತುಹೋಗುತ್ತದೆ. ಇದಕ್ಕೆ ಮೈಕ್ರೋ ಆರ್‌ಎನ್‌ಎ ಎಂದು ಹೆಸರು. 2024ರ ನೊಬೆಲ್ ಪಾರಿತೋಷಕ ಈ ಇಬ್ಬರಿಗೆ ಸಂದಿತು.

ಈಗ ಬೆಂಗಳೂರಿಗೆ ಬರೋಣ. ಭಾರತೀಯ ವಿಜ್ಞಾನ ಸಂಸ್ಥೆಯ ಅರುಣ್ ಕುಮಾರ್ ಮತ್ತು ಸಂಗಡಿಗರು ಬಾಯಿಯ ಕ್ಯಾನ್ಸರ್ ಗಡ್ಡೆಗಳನ್ನು ಪರೀಕ್ಷಿಸಿ 2013ರಲ್ಲಿ ಒಂದು ಸಂಗತಿ ಪ್ರಕಟಿಸಿದರು. ಕೋಶಗಳ ಬೆಳವಣಿಗೆಗೆ ಕಡಿವಾಣ ಹಾಕುವ ಸಿಡಿಸಿ73 ಎಂಬ ಪ್ರೋಟೀನು ಬಹುಪಾಲು ಗಡ್ಡೆಗಳಲ್ಲಿ ಕಡಿಮೆಯಾಗಿತ್ತು. ಅವುಗಳಲ್ಲಿ ಕೆಲವನ್ನು ನೋಡಿದರೆ ಪುಸ್ತಕದಲ್ಲಿ ತಪ್ಪೇ ಇರಲಿಲ್ಲ! ಮೈಕ್ರೋ ಆರ್‌ಎನ್‌ಎ-155 ಎಂಬುದು ವಿಪರೀತ ಹೆಚ್ಚಿ, “ಸಾಕು, ಒಲೆ ಆರಿಸಿ” ಎಂಬ ಚೀಟಿಯ ಮೇಲೆಯೇ ಅಂಟಿಕೊಂಡಿತ್ತು. ಅದನ್ನು ಕಟ್ಟಿಹಾಕುವ ವಸ್ತುವನ್ನು ಪ್ರಯೋಗಿಸಿದಾಗ ಇಲಿಗಳಲ್ಲಿ ಬೆಳೆಸಿದ ಗಡ್ಡೆ ಕುಗ್ಗಿತು. ಇಲಿಯಲ್ಲಿ ಕಂಡದ್ದು ಮನುಷ್ಯರಿಗೆ ಮದ್ದಾಗಿ ಇನ್ನೂ ಬಂದಿಲ್ಲ. ಆ ಆಸೆಯಿಂದ ಯಾರೂ ಕಾಯುತ್ತ ಕೂರಬಾರದು.

ಇಂಥ ಚೀಟಿಗಳು ಜೊಲ್ಲಿನಲ್ಲಿಯೂ ತೇಲುತ್ತವೆ. 2009ರಲ್ಲಿ ಲಾಸ್ ಏಂಜಲೀಸಿನ ಸಂಶೋಧಕರು ಎರಡು ಬಗೆಯವು ರೋಗಿಗಳ ಜೊಲ್ಲಿನಲ್ಲಿ ಕಡಿಮೆಯಿದ್ದುದನ್ನು ತೋರಿಸಿದರು. ಎಂಜಲೆಂದರೆ ಮೈಲಿಗೆ ಎನ್ನುವ ನಮ್ಮಲ್ಲಿ ಅದೇ ಒಂದು ದಿನ ಕಾಯಿಲೆಯ ಸುಳಿವು ಕೊಟ್ಟೀತು. ಸದ್ಯಕ್ಕೆ ಕ್ಯಾನ್ಸರ್ ಹೌದೋ ಅಲ್ಲವೋ ಎಂದು ನಿರ್ಧರಿಸುವುದು ಹುಣ್ಣಿನಿಂದ ತೆಗೆದ ಸಣ್ಣ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ.

ಆ ತುಣುಕು ವೈದ್ಯರ ಕೈ ಸೇರಬೇಕಾದರೆ ಮೊದಲು ಮನೆಯವರು ಬಾಯೊಳಗೆ ನೋಡಬೇಕು. ಎರಡು ವಾರವಾದರೂ ಮಾಯದ ಹುಣ್ಣು, ಉಜ್ಜಿದರೂ ಹೋಗದ ಬಿಳಿಯ ಅಥವಾ ಕೆಂಪು ಮಚ್ಚೆ, ಸಾರಿನ ಖಾರ ತಾಗಿದರೆ ಉರಿ, ಮೂರು ಬೆರಳು ಹಿಡಿಸದಷ್ಟು ಬಿಗಿದ ಬಾಯಿ: ಇವುಗಳಲ್ಲಿ ಒಂದು ಕಂಡರೂ ದಂತವೈದ್ಯರಿಗೆ ತೋರಿಸಬಹುದು. ಹಲವು ಸಲ ಮೊದಮೊದಲು ಇದಕ್ಕೆ ನೋವೇ ಇರುವುದಿಲ್ಲ. ಅಜ್ಜಿ ನಗುತ್ತಿರುವಾಗಲೇ ಕಿಟಕಿಯ ಬೆಳಕಿಗೆ ಕೂರಿಸಿ, ಕೆನ್ನೆಯನ್ನು ಬೆರಳಿನಿಂದ ಹಿಗ್ಗಿಸಿ, ಎಲೆಯಡಿಕೆ ಇಡುವ ಸಂದಿಯನ್ನೊಮ್ಮೆ ನೋಡಿ.